ಹತ್ತನೆಯವಳು

ಮಿಲ್ಬರಿ ಫಾಲ್ಸ್, ನ್ಯೂ ಹ್ಯಾಂಪ್‌ಶೈರ್
ಜನವರಿ 11, 1993

ಪ್ರೀತಿಯ ನೋರೀನ್,

ಲಕೋಟೆ ಮೇಲಿನ ಅಕ್ಷರ ನೋಡಿದ ಕೂಡಲೇ ಗೊತ್ತಾಗಿರುತ್ತೆ, ಇದು ನಾನೇ, ಒಡೀಲ್. ನಿನ್ನ ಡುಲೂತ್ ವಿಳಾಸ ನಮ್ಮ ಅಡುಗೆಮನೆಯ ಪೋಲೀನ್ ಕೊಟ್ಟಳು. ಮೂರು ವರ್ಷ ಆಗ್ತಾ ಬಂತು. ಬರೀಬೇಕು ಅಂತ ಎಷ್ಟು ಸಲ ಅಂದ್ಕೊಂಡೆನೋ, ಕೂತರೆ ಏನೋ ಒಂದು ಅಡ್ಡ ಬರ್ತಿತ್ತು.

ಇಲ್ಲಿ ಎಲ್ಲ ಹಾಗೇ ಇದೆ. ಹೈಸ್ಕೂಲಿನ ಅದೇ ಅಡುಗೆಮನೆ, ಆರುನೂರು ಮಕ್ಕಳ ಊಟ, ಎರಡು ಚಿಕ್ಕ ಶಾಲೆಗಳಿಗೆ ವ್ಯಾನಿನಲ್ಲಿ ಹೋಗೋ ಡಬ್ಬಗಳು. ಬುಧವಾರ ಇವತ್ತಿಗೂ ಮ್ಯಾಕರೋನಿ, ಇವತ್ತಿಗೂ ಮಕ್ಕಳು ಬಟಾಣಿಯನ್ನ ಹಾಲಿನ ಪೊಟ್ಟಣದೊಳಗೆ ತುರುಕಿ ಬಿಸಾಕ್ತಾರೆ. ನನ್ನ ಗಂಡ ಗಿಲ್‌ಗೆ ಕಾಗದದ ಕಾರ್ಖಾನೆಯವರು ಮತ್ತೆ ಕೆಲಸ ಕೊಟ್ಟರು. ಶಿಫ್ಟು ಕೆಟ್ಟದ್ದು, ಆದರೆ ಮನೇಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ವಾಸಿ. ನಿನ್ನ ಅಪ್ಪ ಹೇಗಿದ್ದಾರೆ?

ಬರೀಲಿಕ್ಕೆ ಕಾರಣ ಇದೆ, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯವರೆಲ್ಲ ಸೇರಿ ಯೂನಿಯನ್ ಕಟ್ಟೋಕೆ ಹೊರಟಿದ್ದೀವಿ. ಶಾಲೆಯ ಆಡಳಿತದವರು ಅಡುಗೆಯನ್ನ ಹೊರಗಿನ ಕಂಪನಿಗೆ ಗುತ್ತಿಗೆ ಕೊಡ್ತಾರೆ ಅಂತ ಸುದ್ದಿ. ಯೂನಿಯನ್ ಇದ್ದರೆ ಮೊದಲು ನಮ್ಮ ಜೊತೆ ಕೂತು ಮಾತಾಡಬೇಕಾಗುತ್ತೆ. ಇಲ್ಲದಿದ್ದರೆ ಒಂದು ಶುಕ್ರವಾರ ಚೀಟಿ ಕೊಟ್ಟು ಮನೆಗೆ ಕಳಿಸಬಹುದು. ಮುಂಚೆ ಸ್ಕೂಲ್ ಬಸ್ ಓಡಿಸ್ತಿದ್ದ ರೇ ಲಪಾಂಟ್ ನೆನಪಿದ್ದಾನಾ? ಅವನೀಗ ಯೂನಿಯನ್ನಿನ ಕೆಲಸ ಮಾಡ್ತಾನೆ. ಅವನು ಹೇಳಿದ, ಈ ರಾಜ್ಯದ ಕಾನೂನಿನ ಪ್ರಕಾರ ಕನಿಷ್ಠ ಹತ್ತು ಜನ ಬೇಕಂತೆ. ನಾವು ಹತ್ತು ಜನ, ನನ್ನನ್ನೂ ಸೇರಿಸಿ.

ಆಡಳಿತದವರು ಹಿಡ್ಕೊಂಡಿರೋದು ಅದನ್ನೇ. ಒಡೀಲ್ ಥೆರಿಯನ್ 'ಅಡುಗೆಮನೆ ಮ್ಯಾನೇಜರ್', ಅಂದ್ರೆ ಸೂಪರ್‌ವೈಸರ್, ತನ್ನ ಕೈಕೆಳಗಿನವರ ಜೊತೆ ಒಂದೇ ಯೂನಿಯನ್‌ನಲ್ಲಿ ಕೂರೋ ಹಾಗಿಲ್ಲ ಅಂತ ಅರ್ಜಿ ಹಾಕಿದ್ದಾರೆ. ನಾನು ಹೊರಗಾದರೆ ಉಳಿಯೋದು ಒಂಬತ್ತು. ಒಂಬತ್ತಕ್ಕೆ ಯೂನಿಯನ್ ಇಲ್ಲ.

ಸೂಪರ್‌ವೈಸರ್ ಅಂತೆ ಮಾರಾಯ್ತಿ! ಮೊಣಕೈವರೆಗೆ ಹಿಟ್ಟು ಮೆತ್ಕೊಂಡ ಸೂಪರ್‌ವೈಸರ್‌ನ ಎಲ್ಲಾದರೂ ನೋಡಿದ್ದೀಯಾ? ಮಾರ್ಚ್ 18ಕ್ಕೆ ಕಾಂಕಾರ್ಡ್‌ನಲ್ಲಿ ರಾಜ್ಯದ ಕಾರ್ಮಿಕ ಮಂಡಳಿಯ ಮುಂದೆ ವಿಚಾರಣೆ. ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿ ನಿಂತು ಕೆಲಸ ಮಾಡಿದವಳು ನೀನು. ನಾನು ಯಾರ ಮೇಲೂ ದರ್ಬಾರು ಮಾಡಿದವಳಲ್ಲ ಅಂತ ನಾಲ್ಕು ಸಾಲು ಬರೆದು ಕಳಿಸ್ತೀಯಾ? ನಿನ್ನ ಮಾತಿಗೆ ತೂಕ ಇರುತ್ತೆ ಅಂತ ರೇ ಹೇಳಿದ.

ನಿನ್ನ
ಒಡೀಲ್


ಡುಲೂತ್, ಮಿನೆಸೋಟ
ಜನವರಿ 20, 1993

ಒಡೀಲ್,

ಪತ್ರ ಬಂತು. ಮ್ಯಾಕರೋನಿ ಇದೆ, ಬಟಾಣಿ ಇದೆ, ಗಿಲ್ ಇದ್ದಾನೆ. ನನ್ನನ್ನ ಕೆಲಸದಿಂದ ತೆಗೆದದ್ದೊಂದು ಇಲ್ಲ.

ನೀನು ಮರೆತಿದ್ದರೆ ನೆನಪಿಸ್ತೀನಿ. ನನ್ನ ಹತ್ತಿರ ಒಂದು ಮೆಮೊ ಇದೆ. ಮಾರ್ಚ್ 23, 1990. "ನೋರೀನ್ ಡ್ವಾಯರ್ ಪದೇ ಪದೇ ತಡವಾಗಿ ಬರುತ್ತಾರೆ, ಹೇಳಿದರೂ ತಿದ್ದಿಕೊಂಡಿಲ್ಲ, ಅಡುಗೆಮನೆಯ ಶಿಸ್ತು ಕೆಡಿಸುತ್ತಿದ್ದಾರೆ." ಕೆಳಗೆ ಸಹಿ, ಒಡೀಲ್ ಥೆರಿಯನ್, ಮ್ಯಾನೇಜರ್. ಆವತ್ತು ಮ್ಯಾನೇಜರ್ ಅನ್ನೋ ಪದದ ಮೇಲೆ ಸಹಿ ಹಾಕುವಾಗ ನಗು ಬರಲಿಲ್ವಾ?

ಆವಿಯಲ್ಲಿ ಬೇಯಿಸೋ ಸ್ಟೀಮರ್‌ನ ಬಾಗಿಲು ಕೆಟ್ಟು ಪೋಲೀನ್ ಕೈ ಸುಟ್ಕೊಂಡಳು ಅಂತ ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನು. ಹತ್ತು ದಿನಕ್ಕೆ ಮೆಮೊ. ಇನ್ನೊಂದು ವಾರಕ್ಕೆ ನಾನು ಬೀದಿಯಲ್ಲಿ. ಯಾಕೆ ತಡ ಆಗ್ತಿತ್ತು ಅಂತ ಆ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನೀನು. ಅಪ್ಪನಿಗೆ ಮಗಳ ಹೆಸರೂ ಮರೆತುಹೋಗಿತ್ತು, ನರ್ಸ್ ಬರೋವರೆಗೆ ಒಬ್ಬರನ್ನೇ ಬಿಟ್ಟು ಬರೋಕೆ ಆಗ್ತಿರಲಿಲ್ಲ. "ನೀನು ನಿಧಾನಕ್ಕೆ ಬಾರೇ, ಓವನ್ ನಾನು ಹಚ್ಚಿರ್ತೀನಿ" ಅಂದವಳೂ ನೀನೇ.

ಯಾರ ಸಹಿಯಿಂದ ನನ್ನ ಕೆಲಸ ಹೋಯಿತೋ ಅವಳಿಗೆ ಅಧಿಕಾರವೇ ಇರಲಿಲ್ಲ ಅಂತ ನಾನು ಬರೆದು ಕೊಡಬೇಕಾ? ಬೇರೆ ಯಾರನ್ನಾದರೂ ಹುಡುಕ್ಕೋ.

ಅಪ್ಪನನ್ನ ಕೇಳಿದ್ದೀಯ. ಹೋದ ಏಪ್ರಿಲ್‌ನಲ್ಲಿ ತೀರಿಕೊಂಡರು. ನನಗೆ ಇಲ್ಲಿ ವಯಸ್ಸಾದವರ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಇದೆ. ಚೆನ್ನಾಗಿದ್ದೀನಿ.

ನೋರೀನ್


ಮಿಲ್ಬರಿ ಫಾಲ್ಸ್
ಜನವರಿ 30, 1993

ನೋರೀನ್,

ನಿನ್ನ ಅಪ್ಪ ಹೋದ ಸುದ್ದಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಅವರ ಹೆಸರಿಗೆ ಮೇಣದ ಬತ್ತಿ ಹಚ್ಚಿದೆ. ಚೆನ್ನಾಗಿದ್ದ ದಿನಗಳಲ್ಲಿ ಅವರು ಹಿಂಬಾಗಿಲಿಗೆ ಬಂದು ನಿಂತು, "ಹುಡುಗೀರಾ, ಸುಟ್ಟ ಬನ್ನು ಏನಾದ್ರೂ ಇದೆಯಾ?" ಅಂತ ಕೇಳ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಮೆಮೊ ವಿಷಯ ಮೊದಲ ಪತ್ರದಲ್ಲೇ ಬರೀಬೇಕಿತ್ತು. ತಪ್ಪಾಯ್ತು. ಅದು ನಾನು ಬರೆದದ್ದಲ್ಲ ಕಣೇ. ಹೆಡ್‌ಮಾಸ್ಟರ್ ಹ್ಯಾಸ್ಕೆಲ್ ತನ್ನ ಆಫೀಸಿನಲ್ಲಿ ಟೈಪ್ ಮಾಡಿಸಿ ಕೈಯಲ್ಲಿ ಹಿಡ್ಕೊಂಡು ಬಂದಿದ್ದ. ಹತ್ತೂವರೆ ಗಂಟೆ, ವ್ಯಾನು ಹೊರಡೋ ಹೊತ್ತು, ನನ್ನ ಎರಡೂ ಕೈಯಲ್ಲಿ ಟ್ರೇ. "ಇಲ್ಲೊಂದು ಸಹಿ ಹಾಕು, ಫೈಲಿಗೆ" ಅಂದ. ನಾನು ಓದಲೂ ಇಲ್ಲ, ಹಾಕಿಬಿಟ್ಟೆ. ದೇವರಾಣೆ ಅದರಿಂದ ನಿನ್ನ ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ಲ.

ಈಗ ಆಡಳಿತದ ವಕೀಲರ ಕೈಯಲ್ಲಿರೋ ದೊಡ್ಡ ಸಾಕ್ಷಿಯೇ ಆ ಮೆಮೊ. ಕೆಲಸದ ಪಟ್ಟಿ ಬರೆಯೋದು, ತರಕಾರಿ ತರಿಸೋದು, ಇವೆಲ್ಲ ಏನಾದರೂ ಹೇಳಿ ನಿಭಾಯಿಸಬಹುದಂತೆ. "ಆದ್ರೆ ಒಬ್ಬರನ್ನ ಶಿಕ್ಷಿಸೋ ಕಾಗದಕ್ಕೆ ನಿನ್ನ ಸಹಿ ಇದೆಯಲ್ಲ ಒಡೀಲ್, ಅಲ್ಲಿಗೆ ಮುಗೀತು" ಅಂತ ರೇ ತಲೆ ಮೇಲೆ ಕೈ ಹೊತ್ತು ಕೂತ. ಅದು ನನ್ನ ಕೆಲಸ ಅಲ್ಲ ಅಂತ ನೀನು ಹೇಳಿದರೆ ಮಾತ್ರ ನಂಬ್ತಾರೆ. ನನಗೋಸ್ಕರ ಬೇಡ. ಪೋಲೀನ್‌ಗೋಸ್ಕರ ಬರಿ. ಅವಳಿಗೆ ಆ ಕೈಯಲ್ಲಿ ಇನ್ನೆಲ್ಲಿ ಕೆಲಸ ಸಿಗುತ್ತೆ?

ಒಡೀಲ್


ಮಿಲ್ಬರಿ ಫಾಲ್ಸ್
ಫೆಬ್ರವರಿ 20, 1993

ನೋರೀನ್,

ಮೂರು ವಾರ ಆಯ್ತು, ನಿನ್ನಿಂದ ಒಂದು ಸಾಲೂ ಇಲ್ಲ. ಇನ್ನು ಕೇಳಲ್ಲ. ಈ ಪತ್ರ ಏನೂ ಕೇಳೋಕೆ ಬರೀತಿಲ್ಲ.

ನಾನು ಅದನ್ನ ಓದಿದ್ದೆ.

ಟ್ರೇ ಕೆಳಗಿಟ್ಟು, ಕೈ ಒರೆಸ್ಕೊಂಡು, ಕನ್ನಡಕ ಹಾಕ್ಕೊಂಡು ಓದಿದೆ. ಎರಡು ಸಲ. ಎರಡನೇ ಸಲ ಓದಿ, "ಇದು ನಿಜ ಅಲ್ಲ ಮಿಸ್ಟರ್ ಹ್ಯಾಸ್ಕೆಲ್, ಅವಳಿಗೆ ತಡವಾಗಿ ಬಾ ಅಂದವಳು ನಾನೇ" ಅಂದೆ. ಅಷ್ಟು ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಹಾಗಾದ್ರೆ ನೀನೂ ನಿಯಮ ಮುರಿದ ಹಾಗಾಯ್ತಲ್ಲ ಒಡೀಲ್. ಗಿಲ್‌ಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಕೇಳ್ದೆ?" ಅಂತ ಮೆತ್ತಗೆ ಕೇಳಿದ. ಆ ಚಳಿಗಾಲ ಕಾರ್ಖಾನೆಯವರು ಇನ್ನೂರು ಜನರನ್ನ ಹೊರಗೆ ಹಾಕಿದ್ದರು, ನಿನಗೆ ಗೊತ್ತಿದೆ. ನಾನು ಪೆನ್ನು ತಗೊಂಡೆ.

ಆಮೇಲೆ ಏನಾಗುತ್ತೆ ಅಂತಲೂ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ದೇವರಾಣೆ ಬೇರೆ ಇಟ್ಟಿದ್ದೆ. ಅದಕ್ಕೆ ಪಾದ್ರಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ಬಂದೆ, ಆದರೆ ಹೇಳಬೇಕಾದ್ದು ನಿನಗೆ.

18ಕ್ಕೆ ಕಾಂಕಾರ್ಡ್‌ಗೆ ಹೋಗ್ತೀನಿ. ಪ್ರಮಾಣ ಮಾಡಿ ಇದನ್ನೇ ಹೇಳ್ತೀನಿ. "ಓದಿಲ್ಲ ಅಂದ್ಬಿಡು, ಸುಲಭ" ಅಂತ ಯೂನಿಯನ್ನಿನ ಇನ್ನೊಬ್ಬ ಹೇಳಿಕೊಟ್ಟ. ರೇ ಅವನ ಕಡೆ ಒಂದು ನೋಟ ನೋಡಿದ ಅಷ್ಟೇ. ಇನ್ನೊಂದು ತೊಂದರೆ ಏನಂದ್ರೆ, ನಿನಗೆ ತಡವಾಗಿ ಬಾ ಅಂತ ನಾನು ಒಪ್ಪಿಗೆ ಕೊಟ್ಟದ್ದನ್ನೂ ಹೇಳಬೇಕಾಗುತ್ತೆ. ಅದೇ ನನ್ನ ವಿರುದ್ಧ ಹೋಗಬಹುದಂತೆ, ರಜೆ ಕೊಡೋ ಅಧಿಕಾರ ಇದ್ದವಳು ಅಂತ. ಹೋದರೆ ಹೋಗಲಿ. ಆ ಒಂಬತ್ತು ಜನರೂ ಹಿಂದೆ ಕೂತು ಕೇಳ್ತಾರೆ. ಕೇಳಲಿ. ನಾನು ಯಾರ ಜೊತೆ ಯೂನಿಯನ್ ಕಟ್ತಿದ್ದೀನಿ ಅಂತ ನನಗೆ ಗೊತ್ತು. ಅವರಿಗೂ ಗೊತ್ತಾಗಬೇಕಲ್ಲ.

ಒಡೀಲ್


ಡುಲೂತ್
ಮಾರ್ಚ್ 1, 1993

ಒಡೀಲ್,

ಇದರ ಜೊತೆ ಮೆಮೊದ ನನ್ನ ಪ್ರತಿ ಇದೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಜೋಪಾನ, ನನಗೆ ವಾಪಸ್ ಬೇಕು.

ಎಡಗಡೆ ಮೂಲೆಯಲ್ಲಿ, ಸಹಿಗಿಂತ ಕೆಳಗೆ ನೋಡು. ಚಿಕ್ಕದಾಗಿ ಅಕ್ಷರಗಳಿವೆ. ಎಚ್.ಎಚ್., ಒಂದು ಗೆರೆ, ಬಿ.ಟಿ. ಹೇಳಿ ಬರೆಸಿದವನು ಹ್ಯಾಸ್ಕೆಲ್, ಟೈಪ್ ಮಾಡಿದವಳು ಅವನ ಆಫೀಸಿನ ಬಾರ್ಬರಾ. ಅವಳು ಅಷ್ಟು ಕಟ್ಟುನಿಟ್ಟಿನ ಹೆಂಗಸು, ಯಾವ ಕಾಗದದಲ್ಲೂ ಅದನ್ನ ಬಿಡ್ತಿರಲಿಲ್ಲ. ವಕೀಲರ ಹತ್ತಿರ ಇರೋ ಫೋಟೋಕಾಪಿಯಲ್ಲಿ ಆ ಸಾಲು ಬಂದಿರಲಿಕ್ಕಿಲ್ಲ. ಬಂದಿದ್ದರೆ ರೇ ನೋಡಿರ್ತಿದ್ದ.

ಅಂದ್ರೆ, ಅದು ನೀನು ಬರೆದದ್ದಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಸಿಟ್ಟು ಅದಕ್ಕಲ್ಲ. ಓದದೆ ಸಹಿ ಹಾಕಿದೆ ಅಂತ ನೀನು ಬರೆದಾಗ ಆ ಪತ್ರಾನ ಒಲೆಗೆ ಹಾಕಿದೆ. ತರಕಾರಿಯವನ ಬಿಲ್ಲನ್ನೂ ಎರಡು ಸಲ ಓದದೆ ಸಹಿ ಹಾಕದವಳು ನೀನು. ಅದಕ್ಕೇ ಉತ್ತರ ಬರೀಲಿಲ್ಲ. ಈಗ ಬರೀತಿದ್ದೀನಿ.

ನಾನೂ ಒಂದು ಹೇಳದೆ ಬಿಟ್ಟಿದ್ದೆ. ಇಲ್ಲಿ ಅಡುಗೆಮನೆಯಲ್ಲಿ ಕೆಲಸ ಅಂತ ಬರೆದಿದ್ದೆ, ಏನು ಕೆಲಸ ಅಂತ ಬರೀಲಿಲ್ಲ. ಒಂದೂವರೆ ವರ್ಷದಿಂದ ನಾನೇ ಇಲ್ಲಿಯ ಸೂಪರ್‌ವೈಸರ್. ಹನ್ನೆರಡು ಜನ. ಯಾರನ್ನ ತಗೋಬೇಕು, ಯಾರನ್ನ ಬಿಡಬೇಕು ಅಂತ ನಾನು ಹೇಳಿದರೆ ಮೇಲಿನವರು ಪ್ರಶ್ನೆ ಕೇಳಲ್ಲ. ಜನವರಿಯಲ್ಲಿ ನಿನ್ನ ಮೊದಲ ಪತ್ರ ಬಂದ ವಾರವೇ ಕೆಂಡ್ರಾ ಅನ್ನೋ ಹುಡುಗಿಗೆ ಮೆಮೊ ಕೊಟ್ಟಿದ್ದೆ. ಸಕ್ಕರೆ ಕಾಯಿಲೆಯವರ ಟ್ರೇಗಳನ್ನ ಮೂರು ಸಲ ಅದಲು ಬದಲು ಮಾಡಿದ್ದಳು. ಯಾರೂ ಟೈಪ್ ಮಾಡಿ ತಂದು ಕೊಡಲಿಲ್ಲ. ನಾನೇ ಕೂತು ಯೋಚಿಸಿ, ನಾನೇ ಬರೆದೆ, ಕರೆದು ಕೂರಿಸಿ ಓದಿ ಹೇಳಿದೆ. ಇಲ್ಲಿಯ ಯೂನಿಯನ್‌ನಲ್ಲಿ ನನಗೆ ಜಾಗ ಇಲ್ಲ, ಅದು ಸರಿಯೂ ಹೌದು. ಹೀಗೆ ಅಧಿಕಾರ ಕೈಯಲ್ಲಿ ಹಿಡಿದು ನೋಡಿದ ಮೇಲೆ ಹೇಳ್ತೀನಿ, ನಿನ್ನ ಹತ್ತಿರ ಅದು ಇರಲಿಲ್ಲ. ಇದನ್ನೇ ನೋಟರಿಯ ಮುಂದೆ ಬರೆದು ಜೊತೆಗೆ ಇಟ್ಟಿದ್ದೀನಿ.

ಅಧಿಕಾರ ಇರಲಿಲ್ಲ ಅನ್ನೋದು ಮಂಡಳಿಗೆ. ನನ್ನ ನಿನ್ನ ನಡುವೆ ಅದು ನೆಪ ಆಗೋಲ್ಲ. ಬಾಯಿ ಇತ್ತು ನಿನಗೆ. ಆವತ್ತು ಸಂಜೆ ನನ್ನ ಮನೆ ಬಾಗಿಲಿಗೆ ಬಂದು ಹೀಗೊಂದು ಕಾಗದ ಬರ್ತಿದೆ ಅಂತ ಹೇಳಬಹುದಿತ್ತು. ಎರಡು ಬೀದಿ ಆಚೆ ಇದ್ದೆ ನಾನು.

ನೋರೀನ್


ಮಿಲ್ಬರಿ ಫಾಲ್ಸ್
ಮಾರ್ಚ್ 20, 1993

ನೋರೀನ್,

ನಿನ್ನ ಕಾಗದ ರೇ ಹತ್ತಿರ ಭದ್ರವಾಗಿದೆ, ತೀರ್ಪು ಬಂದ ಮೇಲೆ ವಾಪಸ್ ಕಳಿಸ್ತೀನಿ. ಎರಡು ಬೀದಿ ಆಚೆ ಇದ್ದೆ ಅಂತ ಬರೆದಿದ್ದೆಯಲ್ಲ. ಆವತ್ತು ನಿನ್ನ ಬೀದಿಯ ತಿರುವಿನವರೆಗೆ ಬಂದಿದ್ದೆ. ಬಂದು ವಾಪಸ್ ಹೋದೆ.

ವಿಚಾರಣೆ ಹೇಗಾಯ್ತು ಅಂತ ಬರೀತೀನಿ. ನಮ್ಮ ಶಾಲೆಯ ಕ್ಲಾಸ್‌ರೂಮಿಗಿಂತ ಚಿಕ್ಕ ಕೋಣೆ. ವಿಚಾರಣಾಧಿಕಾರಿ ಒಬ್ಬ ಹೆಂಗಸು, ನನ್ನ ವಯಸ್ಸಿನವಳೇ, ಕೆಮ್ಮಿನ ಮಾತ್ರೆ ಚಪ್ಪರಿಸ್ತಾ ಎಲ್ಲವನ್ನೂ ಬರ್ಕೊಳ್ತಿದ್ದಳು. ನಮ್ಮ ಒಂಬತ್ತು ಜನರೂ ರಜೆ ಹಾಕಿ ಬಂದಿದ್ದರು. ಆವತ್ತು ಮಕ್ಕಳಿಗೆ ತಣ್ಣಗಿನ ಸ್ಯಾಂಡ್‌ವಿಚ್ಚೇ ಗತಿ.

ಆಡಳಿತದ ವಕೀಲ ವಿಟ್‌ಕಾಂಬ್ ಮೊದಲು ನಯವಾಗೇ ಕೇಳಿದ. "ಯಾರು ಯಾವ ಕೆಲಸ ಮಾಡಬೇಕು ಅನ್ನೋ ಪಟ್ಟಿ ಯಾರು ಬರೀತಾರೆ?"

"ನಾನು."

"ಅಂದ್ರೆ ನೀವು ನಿರ್ಧಾರ ಮಾಡ್ತೀರಿ."

"ಸೋಮವಾರ ಯಾರು ಪಾತ್ರೆ ತೊಳೆದರೋ ಅವರು ಮಂಗಳವಾರ ತೊಳೆಯಲ್ಲ. ಅದಕ್ಕೆ ನಿರ್ಧಾರ ಏನು ಬೇಕು, ಕ್ಯಾಲೆಂಡರ್ ಸಾಕು."

ಹಿಂದಿನಿಂದ ಯಾರೋ ಕಿಸಕ್ ಅಂದರು, ಪೋಲೀನೇ ಇರಬೇಕು. "ಯಾರನ್ನಾದರೂ ಕೆಲಸಕ್ಕೆ ತಗೊಂಡಿದ್ದೀರಾ?" ಇಲ್ಲ. "ಸಂಬಳ ಏರಿಸೋಕೆ ಶಿಫಾರಸು?" ಏರಿಸಿದ್ದನ್ನೇ ನೋಡಿಲ್ಲ, ಶಿಫಾರಸು ಎಲ್ಲಿಂದ. "ನೋರೀನ್ ಡ್ವಾಯರ್‌ಗೆ ತಡವಾಗಿ ಬರೋಕೆ ಅನುಮತಿ ಕೊಟ್ಟಿದ್ರಾ?" ಕೊಟ್ಟಿದ್ದೆ ಅಂದೆ. ರೇ ಕಣ್ಣು ಮುಚ್ಚಿಕೊಂಡ. "ಯಾರನ್ನ ಕೇಳಿ ಕೊಟ್ಟಿರಿ?" ಅಂದ ವಿಟ್‌ಕಾಂಬ್. "ಯಾರನ್ನೂ ಕೇಳಲಿಲ್ಲ. ಅವಳ ಅಪ್ಪನಿಗೆ ಹುಷಾರಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವಳು ನನ್ನ ಓವನ್ ಹಚ್ತಿದ್ದಳು, ಹಾಗೆ." ಅವನು ದೊಡ್ಡದಾಗಿ ಏನೋ ಗುರುತು ಹಾಕ್ಕೊಂಡ.

ಆಮೇಲೆ ಮೆಮೊ ತೆಗೆದ. "ಇದು ನಿಮ್ಮ ಸಹಿಯಾ? ಓದಿ ಹಾಕಿದಿರಾ?"

"ಓದಿದೆ. ಎರಡು ಸಲ."

"ಇದರಲ್ಲಿರೋದು ನಿಜ ಅಂತ ನಂಬಿ ಹಾಕಿದಿರಿ."

"ಇಲ್ಲ. ಸುಳ್ಳು ಅಂತ ಗೊತ್ತಿದ್ದೇ ಹಾಕಿದೆ."

ವಿಚಾರಣಾಧಿಕಾರಿಯೇ ಪೆನ್ನು ಕೆಳಗಿಟ್ಟು ಕೇಳಿದಳು. "ಮತ್ಯಾಕೆ ಸಹಿ ಹಾಕಿದಿರಿ, ಮಿಸೆಸ್ ಥೆರಿಯನ್?"

"ಭಯ ಆಗಿತ್ತು. ಗಂಡನಿಗೆ ಕೆಲಸ ಇರಲಿಲ್ಲ. ನನ್ನದೂ ಹೋಗುತ್ತೆ ಅಂತ ಮಿಸ್ಟರ್ ಹ್ಯಾಸ್ಕೆಲ್ ತಿಳಿಯೋ ಹಾಗೆ ಹೇಳಿದ್ದರು. ನನ್ನದನ್ನ ಉಳಿಸ್ಕೊಳ್ಳೋಕೆ ನೋರೀನ್‌ಳದ್ದನ್ನ ಕೊಟ್ಟೆ."

ರೇ ಎದ್ದು ನಿನ್ನ ಪ್ರತಿ ಕೊಟ್ಟ, ಮೂಲೆಯ ಅಕ್ಷರ ತೋರಿಸಿದ. ವಿಟ್‌ಕಾಂಬ್ ತನ್ನ ಫೋಟೋಕಾಪಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಪಾಪ. ಹ್ಯಾಸ್ಕೆಲ್ ಎರಡನೇ ಸಾಲಿನಲ್ಲಿ ಕೂತಿದ್ದ. ಕಿಟಕಿ ಕಡೆ ನೋಡ್ತಿದ್ದ.

ವಾಪಸ್ ಬರುವಾಗ ರೇ ವ್ಯಾನಿನಲ್ಲಿ ಮೂರು ಗಂಟೆ ದಾರಿ, ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಊರು ಹತ್ತಿರ ಬಂದಾಗ, ನೀನು ಹೋದ ಮೇಲೆ ನಿನ್ನ ಜಾಗಕ್ಕೆ ಬಂದ ಇವೆಟ್ ಅನ್ನೋಳು ಹಿಂದಿನ ಸೀಟಿನಿಂದ ಕೇಳಿದಳು, "ಒಡೀಲ್, ಆವತ್ತು ನನ್ನ ಹೆಸರಲ್ಲಿ ಬಂದಿದ್ರೆ?"

"ಹಾಕ್ತಿದ್ದೆ" ಅಂದೆ. "ಈಗ ಬಂದರೆ ಹಾಕಲ್ಲ."

ಅವಳು "ಸರಿ" ಅಂದಳು. ನನ್ನನ್ನ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಒಡೀಲ್


ಮಿಲ್ಬರಿ ಫಾಲ್ಸ್
ಮೇ 29, 1993

ನೋರೀನ್,

ತೀರ್ಪು ಬಂತು. ಗೆದ್ದೆವು. ನಿನ್ನ ಮೆಮೊ ಇದರ ಜೊತೆಗಿದೆ.

ಹನ್ನೊಂದು ಪುಟ, ಅರ್ಧ ನನಗೆ ಅರ್ಥ ಆಗಲಿಲ್ಲ. ಕೆಲಸ ಹಂಚೋದು ಅನುಭವಸ್ಥ ಕೆಲಸಗಾರ್ತಿಯ ದಿನನಿತ್ಯದ ಕೆಲಸ, ತಡವಾಗಿ ಬರಲು ಬಿಟ್ಟದ್ದು ಜೊತೆಯವಳ ಸಹಾಯ, ಅಧಿಕಾರ ಅಲ್ಲ ಅಂತ ಬರೆದಿದ್ದಾರೆ. ಮೆಮೊ ಬಗ್ಗೆ ಒಂದು ಸಾಲು ಇದೆ, ನಿನಗೆ ಹಾಗೇ ಇಳಿಸಿ ಕೊಡ್ತೀನಿ: "ಸದರಿ ಸಹಿಯಲ್ಲಿ ಆಕೆಯ ಸ್ವತಂತ್ರ ವಿವೇಚನೆ ಏನೂ ಇರಲಿಲ್ಲ." ಪೋಲೀನ್ ಅದನ್ನ ಜೋರಾಗಿ ಓದಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಮನೆಗೆ ಬಂದು ಆ ಸಾಲನ್ನ ಮತ್ತೆ ಓದಿದೆ. ರಾಜ್ಯ ಹಾಗಂತ ಬರೆದು ಕೊಟ್ಟರೂ ನಾನು ಅದನ್ನ ನಿನ್ನ ಮುಂದೆ ಹಿಡಿಯಲ್ಲ.

ಹೋದ ವಾರ ಮತ ಹಾಕಿದೆವು. ಎಂಟು ಬೇಕು, ಎರಡು ಬೇಡ. ಆ ಎರಡು ಯಾರು ಅಂತ ನಾನು ಕೇಳಲಿಲ್ಲ. ನನ್ನ ಜೊತೆ ಸೇರೋಕೆ ಇಷ್ಟ ಇಲ್ಲದೆ ಯಾರಾದರೂ ಹಾಕಿದ್ದರೆ ತಪ್ಪೂ ಅಲ್ಲ. ಗುತ್ತಿಗೆ ಮಾತು ಸೆಪ್ಟೆಂಬರ್‌ವರೆಗೆ ನಿಂತಿದೆ. ಆಮೇಲೆ ಮೇಜಿನ ಆ ಕಡೆ ಅವರು, ಈ ಕಡೆ ನಾವು.

ಮತ ಎಣಿಸಿದ ಮೂರನೇ ದಿನ ಹ್ಯಾಸ್ಕೆಲ್ ಅಡುಗೆಮನೆಗೆ ಬಂದ. ಕೈಯಲ್ಲಿ ಕಾಗದ. ಇವೆಟ್ ಕಾಂಕಾರ್ಡ್‌ಗೆ ಬಂದ ದಿನ ಸರಿಯಾಗಿ ರಜೆ ಚೀಟಿ ಕೊಟ್ಟಿಲ್ಲ ಅಂತ ಮೆಮೊ. ಎಲ್ಲರ ಎದುರಿಗೇ "ಸಹಿ ಹಾಕು ಒಡೀಲ್" ಅಂದ.

"ಆಗಲ್ಲ ಮಿಸ್ಟರ್ ಹ್ಯಾಸ್ಕೆಲ್" ಅಂದೆ. "ನನಗೆ ಅಧಿಕಾರ ಇಲ್ಲ. ಬೇಕಾದ್ರೆ ತೀರ್ಪು ನೋಡಿ, ಒಂಬತ್ತನೇ ಪುಟ. ಅದು ನಿಮ್ಮ ಕಾಗದ, ನಿಮ್ಮ ಹೆಸರೇ ಹಾಕಿ."

ಅವನು ಆ ಕಾಗದ ಮಡಚಿ ಕೋಟಿನ ಜೇಬಿಗೆ ಹಾಕ್ಕೊಂಡ, ಹೋದ. ಇವತ್ತಿನವರೆಗೆ ಅದು ಬಂದಿಲ್ಲ. ಇವೆಟ್ ನನ್ನ ಕಡೆ ನೋಡಲಿಲ್ಲ. ಆಲೂಗಡ್ಡೆ ಚೀಲ ಎಳ್ಕೊಂಡು ಬಂದು ನನ್ನ ಪಕ್ಕದ ಮೇಜಿನಲ್ಲಿ ನಿಂತು ಸಿಪ್ಪೆ ತೆಗೆಯೋಕೆ ಶುರು ಮಾಡಿದಳು.

ನೀನು ಇದ್ದಾಗ ನಾನು ಹೀಗೆ ಮಾಡಬೇಕಿತ್ತು.

ಒಡೀಲ್


ಡುಲೂತ್
ಜೂನ್ 7, 1993

ಒಡೀಲ್,

ಮೆಮೊ ತಲುಪಿತು. ಹ್ಯಾಸ್ಕೆಲ್ ಕಾಗದ ಮಡಚಿ ಜೇಬಿಗೆ ಹಾಕ್ಕೊಂಡ ಅನ್ನೋ ಜಾಗ ನಾನು ನನ್ನ ತಂಗಿಗೆ ಎರಡು ಸಲ ಓದಿ ಹೇಳಿದೆ.

ನಿನ್ನ ಮಾರ್ಚ್ ಪತ್ರಕ್ಕೆ ಉತ್ತರ ಬರೀಲಿಲ್ಲ, ಬಿಡುವಿರಲಿಲ್ಲ ಅಂತೇನಲ್ಲ. ನನ್ನ ಬೀದಿ ತಿರುವಿನವರೆಗೆ ಬಂದು ವಾಪಸ್ ಹೋದೆ ಅಂತ ಬರೆದಿದ್ದೆಯಲ್ಲ, ಅದನ್ನ ಓದಿ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ನನ್ನನ್ನ ಕೆಂಡ್ರಾ ಹತ್ತಿರ ಕರ್ಕೊಂಡು ಹೋಯ್ತು. ಯಾಕಮ್ಮಾ ಟ್ರೇ ಅದಲು ಬದಲಾಗುತ್ತೆ ಅಂತ ಮೆಮೊ ಬರೆಯೋ ಮೊದಲು ನಾನು ಕೇಳೇ ಇರಲಿಲ್ಲ. ಅವಳಿಗೆ ಟ್ರೇ ಮೇಲಿನ ಚೀಟಿಯ ಸಣ್ಣ ಅಕ್ಷರ ಕಾಣ್ತಿರಲಿಲ್ಲ, ಹೇಳೋಕೆ ಭಯ. ಈಗ ಕನ್ನಡಕ ಬಂದಿದೆ. ಮೆಮೊ ನಾನೇ ಹರಿದು ಹಾಕಿದೆ, ಮೇಲಿನವರಿಗೂ ಬರೆದು ತಿಳಿಸಿದೆ. ಅಷ್ಟು ಅಧಿಕಾರ ನನಗಿದೆ.

ನಿನ್ನನ್ನ ಕ್ಷಮಿಸಿದ್ದೀನಾ ಅಂತ ನೀನು ಯಾವ ಪತ್ರದಲ್ಲೂ ಕೇಳಲಿಲ್ಲ. ಒಳ್ಳೇದಾಯ್ತು. ಕೇಳಿದ್ದರೆ ಇಲ್ಲ ಅಂತಿದ್ದೆ. ಈ ಸಿಟ್ಟನ್ನ ಅಂಚೆಯಲ್ಲಿ ಕಳಿಸೋಕೆ ಆಗಲ್ಲ ಒಡೀಲ್, ಮುಖ ನೋಡಿ ಬೈಬೇಕು. ಇನ್ನೇನು ಶಾಲೆ ಮುಗಿಯುತ್ತಲ್ಲ, ಸೆಪ್ಟೆಂಬರ್‌ವರೆಗೆ ನಿನಗೆ ಬಿಡುವು. ಬಸ್ಸಿನಲ್ಲಿ ಎರಡು ದಿನ, ಷಿಕಾಗೋದಲ್ಲಿ ಬದಲಾಯಿಸಬೇಕು. ಜುಲೈ ಎರಡನೇ ವಾರ ನನಗೆ ರಜೆ. ಹೊರಡೋ ದಿನ ತಿಳಿಸು, ನಿಲ್ದಾಣಕ್ಕೆ ಬರ್ತೀನಿ.

ಈ ಸಲ ತಿರುವಿನಿಂದ ವಾಪಸ್ ಹೋಗೋಕೆ ಬಿಡಲ್ಲ.

ನೋರೀನ್